ಎರಡನೆಯ ಹೋಳು

ಕೇಕಕ್ಕನಿಗೆ ಆ ಹೆಸರಿಟ್ಟವರು ಓಣಿಯ ಮಕ್ಕಳು. ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಹಾಲಿನವನು, ಅಂಚೆಯವನು, ಕೊನೆಗೆ ಮನೆಯ ಮಾಲೀಕರೂ ಹಾಗೆಯೇ ಕರೆಯತೊಡಗಿದ ಮೇಲೆ ಅವಳೂ ಸೋತು, ಫೋನೆತ್ತಿ "ಹಲೋ, ಕೇಕಕ್ಕ ಮಾತಾಡ್ತಿದೀನಿ" ಅನ್ನುವುದನ್ನು ರೂಢಿ ಮಾಡಿಕೊಂಡಳು.

ಮಹಡಿಯ ಮೇಲೆ ಎರಡು ಕೋಣೆಗಳ ಮನೆ. ಅಡುಗೆಮನೆಯಲ್ಲಿ ಹಿಡಿಯದ ಓವನ್ನು ನಡುಮನೆಯಲ್ಲಿ, ಟೀವಿ ಇರಬೇಕಾದ ಜಾಗದಲ್ಲಿ ಕೂತಿತ್ತು. "ನಮ್ಮನೇಲಿ ಬರೋದು ಒಂದೇ ಚಾನೆಲ್ಲು" ಎಂದು ನಾದಿನಿ ಬಂದವರಿಗೆಲ್ಲ ಹೇಳುತ್ತಿದ್ದಳು. ತೀರಿಹೋದ ಗಂಡನ ತಂಗಿಯಾದ ಈ ನಾದಿನಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಶನಿವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಒಂದು ಮೇಜು. ಅದರ ಮೇಲೆ ಸಾಲಾಗಿ ಕೇಕುಗಳು. ಪಕ್ಕದಲ್ಲಿ ರಟ್ಟಿನ ಮೇಲೆ ಕೇಕಕ್ಕ ತನ್ನ ಗುಂಡನೆಯ ಅಕ್ಷರದಲ್ಲಿ ಬರೆದ ಸಾಲು: "ಇದರ ಲಾಭ ಡಯಾಲಿಸಿಸ್ ವ್ಯಾನಿನ ಪೆಟ್ರೋಲಿಗೆ." ಕಿಡ್ನಿ ಕೆಟ್ಟವರನ್ನು ಆಸ್ಪತ್ರೆಗೆ ಕರೆದೊಯ್ದು, ಮತ್ತೆ ಮನೆ ಬಾಗಿಲಿಗೆ ತಂದು ಬಿಡುವ ವ್ಯಾನು ಅದು. ಅವಳ ಗಂಡನೂ ಅದರಲ್ಲೇ ಹೋಗಿಬರುತ್ತಿದ್ದ. ಅವನು ತೀರಿಕೊಂಡ ವರ್ಷವೇ ಪೆಟ್ರೋಲಿಗೆ ಗತಿಯಿಲ್ಲದೆ ಡ್ರೈವರು ವ್ಯಾನು ಮಾರಲು ಹೊರಟಾಗ, "ಮಾರಬೇಡಪ್ಪ, ನಾನೇನಾದ್ರೂ ಮಾಡ್ತೀನಿ" ಎಂದುಬಿಟ್ಟಿದ್ದಳು. ಏನು ಮಾಡುವುದು ಎಂದು ಆಗ ಅವಳಿಗೇ ಗೊತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ಕೇಕು. ಅದು ಗಂಡನ ಪಥ್ಯಕ್ಕೆಂದು ಕಲಿತದ್ದು. ಡಾಕ್ಟರು ಬೇಡ ಎಂದಿದ್ದನ್ನೆಲ್ಲ ಬಿಟ್ಟದ್ದು. ಉಪ್ಪಿಲ್ಲ, ಸೋಡಾ ಇಲ್ಲ, ಬೆಣ್ಣೆ ಹೆಸರಿಗೆ ಮಾತ್ರ.

"ಇಂಥದ್ದು ಯಾವ ಬೇಕರೀಲೂ ಸಿಗಲ್ಲ ಕಣೇ" ಎಂದು ಗಂಡ ಹೇಳುತ್ತಿದ್ದ. ಅಷ್ಟಕ್ಕೇ ಬಿಡದೆ, "ಇನ್ನೊಂದು ಹೋಳು ಕೊಡು" ಎಂದು ಕೈ ಚಾಚುತ್ತಿದ್ದ. ಕೇಕಕ್ಕನ ಧೈರ್ಯವೆಲ್ಲ ಆ ಎರಡನೆಯ ಹೋಳಿನ ಮೇಲೆ ನಿಂತಿತ್ತು. ಶನಿವಾರ ಮಧ್ಯಾಹ್ನದೊಳಗೆ ಮೇಜು ಖಾಲಿಯಾಗುತ್ತಿತ್ತು. ಮೂಲೆಮನೆಯ ಟೀಚರಮ್ಮ ಅಂತೂ ಪೊಟ್ಟಣ ಕೈಗೆ ಬರುವ ಮೊದಲೇ "ತುಂಬಾ ಚೆನ್ನಾಗಿದೆ ರೀ" ಅನ್ನುತ್ತಿದ್ದರು. ಇಷ್ಟು ದಿನದಲ್ಲಿ ಒಬ್ಬರಾದರೂ ಒಂದು ದೂರು ಹೇಳಿದ್ದಿಲ್ಲ.

ಹೀಗಿರುವಾಗ ಕೆಳಗಿನ ಮನೆಗೆ ಹೊಸ ಬಾಡಿಗೆಯವರು ಬಂದರು. ಗಂಡ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೆಂಡತಿ ಚಿಕ್ಕ ವಯಸ್ಸಿನವಳು, ಮಾತುಗಾತಿ. ಸಾಮಾನು ಇಳಿಸಿದ ಮರುದಿನ ಪರಿಚಯ ಮಾಡಿಕೊಳ್ಳಲು ಮೇಲೆ ಬಂದಳು.

"ಬರಿಗೈಲಿ ಬರಬಾರದಲ್ಲ ಅಕ್ಕ. ತಗೊಳ್ಳಿ" ಎಂದು ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ ಮುಂದಿಟ್ಟಳು.

ಕೇಕಕ್ಕ ಬಿಚ್ಚಿದಳು. ಕೇಕು. ಅದರ ಒಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿದಂತೆ ಒಂದು ಕುಳಿ.

ಆ ಕುಳಿ ಅವಳಿಗೆ ಗೊತ್ತಿಲ್ಲದ್ದಲ್ಲ. ಆಸ್ಪತ್ರೆಯಿಂದ ಸುಸ್ತಾಗಿ ಬಂದ ದಿನವೂ ಗಂಡ ಪಾತ್ರೆ ತೊಳೆದು ಕೊಡುತ್ತೇನೆಂದು ಹಟ ಹಿಡಿದು, ಕೇಕಿನ ತಗಡಿನ ಅಚ್ಚನ್ನು ಕೈಜಾರಿ ಬೀಳಿಸಿದ್ದ. ಮೂಲೆ ಒಳಕ್ಕೆ ತಗ್ಗಿತ್ತು. ಅಂದಿನಿಂದ ಆ ಅಚ್ಚಿನಲ್ಲಿ ಬೆಂದ ಪ್ರತಿ ಕೇಕಿಗೂ ಅದೇ ಜಾಗದಲ್ಲಿ ಅದೇ ಕುಳಿ.

"ಎಲ್ಲಿಂದ ತಂದೆ ಇದನ್ನ?"

"ನಮ್ಮ ಯಜಮಾನ್ರಿಗೆ ಅವರ ಅಂಗಡಿ ಸಾಹುಕಾರ್ರು ಕೊಟ್ಟಿದ್ದು. ಅವರಿಗೆ ಇನ್ಯಾರೋ ಟೀಚರ್ ಕೊಟ್ರಂತೆ. ನಾವಿನ್ನೂ ರುಚಿ ನೋಡಿಲ್ಲ ಅಕ್ಕ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಕೇಕಕ್ಕ ಕೇಕು ಕೊಯ್ದು ಒಂದು ಹೋಳನ್ನು ತಟ್ಟೆಯಲ್ಲಿಟ್ಟು ಕೊಟ್ಟಳು. ಹುಡುಗಿ ಕಚ್ಚಿದಳು, ಅಗಿದಳು, ಇನ್ನೂ ಅಗಿದಳು. ಕಣ್ಣು ನೀರಿನ ಬಿಂದಿಗೆ ಹುಡುಕತೊಡಗಿತು.

"ಚೆನ್ನಾಗಿದೆ" ಎಂದಳು, ಅರ್ಧ ಲೋಟ ನೀರು ಕುಡಿದ ಮೇಲೆ.

ಅವಳು ಕೆಳಗಿಳಿದು ಹೋದಮೇಲೆ ಕೇಕಕ್ಕ ನಾದಿನಿಯತ್ತ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಏನು?"

"ನನ್ನ ಕೇಕನ್ನ ಯಾರೂ ತಿನ್ನಲ್ಲ, ಒಬ್ಬರು ಇನ್ನೊಬ್ಬರ ಕೊರಳಿಗೆ ಕಟ್ತಾರೆ ಅಂತ."

ನಾದಿನಿ ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡಿದಳು. ದಾರ ಆಗಲೇ ಪೋಣಿಸಿಯಾಗಿತ್ತು. "ಗೊತ್ತಿತ್ತು ಅತ್ತಿಗೆ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ವ್ಯಾನು ಓಡ್ತಿತ್ತಲ್ಲ."

"ಹಾಗಾದ್ರೆ ನಿಮ್ಮಣ್ಣ? ಅವರು ದಿನಾ ತಿನ್ತಿದ್ರಲ್ಲ!"

ನಾದಿನಿ ಹೊಲಿಯುತ್ತಿದ್ದ ರವಿಕೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲನೆ ಹೇಳಿದಳು: "ಅಣ್ಣಂಗೆ ಡಾಕ್ಟ್ರು ದಿನಕ್ಕಿಷ್ಟೇ ಕುಡೀಬೇಕು ಅಂತ ನೀರು ಅಳೆದು ಕೊಟ್ಟಿದ್ರಲ್ಲ. ಸಂಜೆ ಪಾಲಿನ ನೀರು ಪೂರ್ತಿ ನಿಮ್ಮ ಕೇಕು ಇಳಿಸೋದಕ್ಕೇ ಹೋಗ್ತಿತ್ತು."

ಕೇಕಕ್ಕ ಮರುದಿನ ಬೆಳಿಗ್ಗೆ ಗಂಡನ ನೀರಿನ ಲೋಟವನ್ನು ಹುಡುಕಿದಳು. ಗಿಡ್ಡನೆಯ ಸ್ಟೀಲಿನ ಲೋಟ. ಈಗ ಅಕ್ಕಿ ಅಳೆಯಲು ಡಬ್ಬದೊಳಗೆ ಬಿದ್ದಿತ್ತು. ಅದನ್ನು ತೊಳೆದು, ನೀರು ತುಂಬಿಸಿ, ಉಳಿದ ಕೇಕಿನ ಒಂದು ಹೋಳನ್ನು ಮುಂದಿಟ್ಟುಕೊಂಡು ಕೂತಳು. ಇದುವರೆಗೆ ಅವಳು ತನ್ನ ಕೇಕನ್ನು ಓವನ್ನಿನ ಮುಂದೆ ನಿಂತು, ಬಿಸಿಯಲ್ಲಿ, ಚೂರು ಮುರಿದು ನೋಡಿದ್ದಳೇ ಹೊರತು ಕೂತು ತಿಂದಿರಲಿಲ್ಲ. ಹೋಳು ಮುಗಿಯುವ ಮೊದಲೇ ನೀರು ಮುಗಿಯಿತು. ಖಾಲಿ ಲೋಟ ನೋಡುತ್ತಾ ಅವಳು ಯೋಚಿಸಿದಳು: ಹಾಗಾದರೆ ಎರಡನೆಯ ಹೋಳನ್ನು ಅವರು ಹೇಗೆ ತಿಂದರು? ಯಾಕೆ ಕೇಳಿದರು?

ವ್ಯಾನು ಬೀದಿಯ ತುದಿಯಲ್ಲಿ ನಿಂತಾಗ ಅವಳು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದಳು. ಡ್ರೈವರು ಗಾಜು ಒರೆಸುತ್ತಿದ್ದ.

"ತಮ್ಮಾ, ನಿಜ ಹೇಳು. ನನ್ನ ಕೇಕು ಹೇಗಿರುತ್ತೆ?"

"ಇದೇನಕ್ಕ, ಬೆಳಬೆಳಿಗ್ಗೆ ಪರೀಕ್ಷೆ?"

"ಹೇಳಪ್ಪ."

ಅವನು ಬಟ್ಟೆಯನ್ನು ಎರಡು ಸಲ ಕೊಡವಿದ. "ಟೀ ಇದ್ರೆ ಚೆನ್ನಾಗಿರುತ್ತೆ. ಟೀ ಇಲ್ದಿದ್ರೆ ವ್ಯಾನಿನ ಚಕ್ರದ ಹಿಂದೆ ಇಡಬಹುದು, ಇಳಿಜಾರಲ್ಲಿ ಉಪಯೋಗ ಆಗುತ್ತೆ. ಬೇಜಾರು ಮಾಡ್ಕೋಬೇಡಿ, ನಾನಂತೂ ಅದನ್ನೇ ಟೀಲಿ ಅದ್ದಿ ತಿಂದು ಬದುಕಿದೋನು. ಭಾವನೋರು ಎರಡನೇ ಹೋಳು ನಂಗೇ ಕೊಡ್ತಿದ್ರಲ್ಲ."

"ನಿಂಗಾ?"

"ನಿಮ್ಗೆ ಗೊತ್ತಿರಲಿಲ್ವಾ? ಹಿಂದಿನ ಸಂಜೆ ಎತ್ತಿಟ್ಟಿದ್ದನ್ನ ವ್ಯಾನು ಹತ್ತೋವಾಗ ಜೇಬು ತಟ್ಟಿ ತೋರಿಸ್ತಿದ್ರು."

ಅವಳು ಹಿಂದಿರುಗಿ ಬರುವಾಗ ತಲೆ ಗೋಜಲಾಗಿತ್ತು. ಗಂಡ ಸುಳ್ಳು ಹೇಳಿದ್ದನೋ? ಮೊದಲನೆಯ ಹೋಳಿಗಾಗಿ ನೀರು ಖರ್ಚು ಮಾಡಿದ್ದಂತೂ ಸುಳ್ಳಲ್ಲ. ಓಣಿಯವರು ಸುಳ್ಳು ಹೇಳಿದರೋ? ಅವರೂ ಹಣ ಕೊಟ್ಟದ್ದು ಸುಳ್ಳಲ್ಲ. ಆದರೆ ತಿನ್ನಲಾಗದ್ದನ್ನು ಕೊಟ್ಟು ಹಣ ತೆಗೆದುಕೊಂಡರೆ ಅದಕ್ಕೆ ವ್ಯಾಪಾರ ಅನ್ನುವುದು ಹೇಗೆ? ಕೇಕು ಬಿಟ್ಟು ಚಂದಾ ಡಬ್ಬಿ ಹಿಡಿದು ಹೋದರೂ ಅದೇ ಆಯಿತಲ್ಲ. ನನಗೆ ಗೊತ್ತಾಯಿತು ಎಂದು ಬಾಯಿಬಿಟ್ಟರೆ ಅವರು ನಾಚಿಕೊಂಡು ಬರುವುದನ್ನೇ ನಿಲ್ಲಿಸಿದರೆ? ವ್ಯಾನಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವರ ಮುಖಗಳು ಕಣ್ಣಮುಂದೆ ಬಂದವು. ಇನ್ನು ಕೇಕನ್ನೇ ಬದಲಿಸಿದರೆ, ಗಂಡ ಹೊಗಳಿದ ಕೇಕು ಮನೆಯಿಂದ ಹೊರಟೇ ಹೋಗುತ್ತದೆ. ಯಾವ ಕಡೆಯಿಂದ ಯೋಚಿಸಿದರೂ ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದಳು.

"ಅತ್ತಿಗೆ, ಅಣ್ಣನ ಪಥ್ಯ ಅಣ್ಣನ ಜೊತೆ ಮುಗೀತು. ಟೀಚರಮ್ಮಂಗೆ ಯಾಕೆ ಪಥ್ಯ?" ಎಂದಳು ನಾದಿನಿ, ಡ್ರೈವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ.

ಆ ಮಾತು ನಾಟಿತು. ಆ ವಾರವೆಲ್ಲ ನಡುಮನೆಯ ಒಂದೇ ಚಾನೆಲ್ಲು ಬಿಡುವಿಲ್ಲದೆ ಓಡಿತು. ನಾದಿನಿಯೇ ರುಚಿ ನೋಡುವವಳು. ಒಂದೇ ಒಂದು ಸುಳ್ಳು ಹೇಳಕೂಡದು ಎಂದು ಕೇಕಕ್ಕ ಕೈಮೇಲೆ ಕೈ ಹಾಕಿಸಿ ಆಣೆ ಮಾಡಿಸಿಕೊಂಡಿದ್ದಳು. ಸೋಡಾದ ಅಂದಾಜು ತಪ್ಪಿ ಮೊದಲನೆಯದು ಉಬ್ಬಿ ಅಚ್ಚಿನಿಂದಾಚೆ ಹರಿಯಿತು. "ಇದು ಮನೆ ಬಿಟ್ಟು ಹೊರಟಿದೆ." ಎರಡನೆಯದರ ನಡು ಕುಸಿಯಿತು. "ರುಚಿ ಇದೆ, ಆದ್ರೆ ಚಮಚ ಬೇಕು." ಬೆಣ್ಣೆ ಕೈಬಿಚ್ಚಿ ಹಾಕಿ, ಹಾಲಿನ ಜೊತೆ ಮೊಸರೂ ಸೇರಿಸಿ, ಮೂರನೆಯದಕ್ಕೆ ಕೇಕಕ್ಕ ಚಿಟಿಕೆ ಉಪ್ಪೂ ಹಾಕಿದಳು. ಅದುವರೆಗೆ ಅವಳ ಬೆರಳು ಕೇಕಿಗೆ ಉಪ್ಪು ಮುಟ್ಟಿಸಿದ್ದೇ ಇಲ್ಲ. ನಾದಿನಿ ಒಂದು ಹೋಳು ಮುಗಿಸಿದಳು. ಇನ್ನೊಂದು ಹೋಳಿಗೆ ಕೈ ಚಾಚಿದಳು.

"ಯಾರಿಗೆ ಅದು?" ಎಂದು ಕೇಕಕ್ಕ ಗದರಿದಳು.

"ನಂಗೇ ಅತ್ತಿಗೆ! ನನ್ನ ಸೀರೆಗೆ ಜೇಬೇ ಇಲ್ಲ, ನೋಡಿ ಬೇಕಾದ್ರೆ."

ಶನಿವಾರ ಮೇಜಿನ ಮೇಲೆ ಹೊಸ ಕೇಕುಗಳು ಕೂತವು. ಬದಲಾಗಿದೆ ಎಂದು ಯಾರಿಗೂ ಹೇಳಲಿಲ್ಲ. ಟೀಚರಮ್ಮ ಬಂದರು, ಪೊಟ್ಟಣ ಕೈಗೆ ಬರುವ ಮೊದಲೇ "ತುಂಬಾ ಚೆನ್ನಾಗಿದೆ ರೀ" ಎಂದರು, ಹೋದರು. ಉಳಿದವರೂ ಎಂದಿನಂತೆ ಹೊಗಳಿ ಎಂದಿನಂತೆ ಒಯ್ದರು. ಮಧ್ಯಾಹ್ನದೊಳಗೆ ಮೇಜು ಖಾಲಿ. ಕೇಕಕ್ಕ ಖಾಲಿ ಮೇಜಿನ ಮುಂದೆ ಮೊದಲಿಗಿಂತ ಹೆಚ್ಚು ಗಲಿಬಿಲಿಯಲ್ಲಿ ನಿಂತಳು. ಕೆಟ್ಟದ್ದಕ್ಕೂ ಅದೇ ಮಾತು, ಒಳ್ಳೆಯದಕ್ಕೂ ಅದೇ ಮಾತು ಆದರೆ ತಾನು ತಿಳಿದುಕೊಳ್ಳುವುದು ಹೇಗೆ?

ಸೋಮವಾರ ಬೆಳಿಗ್ಗೆ, ಮೇಜಿಲ್ಲದ ದಿನ, ಟೀಚರಮ್ಮ ದಡದಡ ಮೆಟ್ಟಿಲು ಹತ್ತಿ ಬಂದರು. ಶಾಲೆಗೆ ಹೊತ್ತಾಗಿತ್ತೇನೋ, ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

"ಏನ್ರೀ ಕೇಕಕ್ಕ, ಮೊನ್ನೇದು ಒಂದು ಮೂಲೆ ಪೂರ್ತಿ ಸುಟ್ಟಿತ್ತಲ್ರೀ! ಕಹಿ. ಅದನ್ನ ಕೊಯ್ದು ಬಿಸಾಕಿ ತಿನ್ನಬೇಕಾಯ್ತು. ನೋಡ್ಕೊಂಡು ಮಾಡಬಾರದಾ?"

ಕೇಕಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕೊಯ್ದು... ತಿಂದ್ರಾ?"

"ಮತ್ತೆ? ಅಷ್ಟು ಮೆತ್ತಗಿತ್ತು, ಬಿಡೋಕಾಗುತ್ತಾ? ನಮ್ಮತ್ತೆ ಹಲ್ಲಿಲ್ಲದೋರು, ಅವರೂ ತಿಂದ್ರು."

"ತಪ್ಪಾಯ್ತು ಟೀಚರಮ್ಮ. ಆ ಮೂಲೇಲಿ ಅಚ್ಚು ತಗ್ಗಿದೆ, ಹಿಟ್ಟು ತೆಳ್ಳಗೆ ನಿಲ್ಲುತ್ತೆ, ಬೇಗ ಸುಡುತ್ತೆ. ಇನ್ಮೇಲೆ ಬೇಯೋವಾಗ ನಡುವೆ ಒಂದ್ಸಲ ತಿರುಗಿಸಿಡ್ತೀನಿ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು, ಮುಖ ಮಾತ್ರ ಅರಳಿತು.

ಟೀಚರಮ್ಮ ಪೆಚ್ಚಾಗಿ ನಾದಿನಿಯ ಕಡೆ ನೋಡಿದರು. "ನಾನೇನು ಅಷ್ಟು ಜೋರಾಗಿ ಹೇಳಿದ್ನಾ?"

"ಇನ್ನೂ ಸ್ವಲ್ಪ ಬೈಯಿರಿ, ಅವರಿಗೆ ಹಿತವಾಗ್ತಿದೆ" ಎಂದಳು ನಾದಿನಿ.

"ನಿಮ್ಮದೆಲ್ಲ ನಂಗೆ ಅರ್ಥ ಆಗಲ್ಲಮ್ಮ" ಎನ್ನುತ್ತಾ ಟೀಚರಮ್ಮ ಇಳಿಯತೊಡಗಿದರು. ನಡುಮೆಟ್ಟಿಲಲ್ಲಿ ನಿಂತು ತಲೆಯೆತ್ತಿದರು. "ಮುಂದಿನ ವಾರ ಎರಡು ಎತ್ತಿಡಿ. ಸುಟ್ಟಿದ್ದು ಬೇಡ."

ಎರಡನೆಯದು ಯಾರಿಗೆ ಎಂದು ಕೇಳಲು ಕೇಕಕ್ಕ ಬಾಯಿ ತೆರೆದಳು. ಮನೆಯವರಿಗೋ, ಮತ್ತೆ ಆ ಗಡಿಯಾರದ ಅಂಗಡಿಯ ಸಾಹುಕಾರರಿಗೋ? ಕೇಳಬೇಕೋ ಬೇಡವೋ ಎಂದು ಅವಳು ತೊಳಲಾಡುತ್ತಿರುವಷ್ಟರಲ್ಲಿ ಟೀಚರಮ್ಮ ಬೀದಿ ಸೇರಿಯಾಗಿತ್ತು. ಬೀದಿಯ ತುದಿಯಲ್ಲಿ ವ್ಯಾನು ಹಾರ್ನ್ ಮಾಡಿ ಹೊರಟಿತು.

"ಎರಡು ಎತ್ತಿಡ್ತೀನಿ" ಎಂದು ಅವಳು ಖಾಲಿ ಮೆಟ್ಟಿಲಿಗೆ ಹೇಳಿ ಒಳಗೆ ಬಂದು, ಅಚ್ಚಿನ ತಗ್ಗಿದ ಮೂಲೆಯ ಕರಕಲನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಾ ಕೂತಳು.