ಅಮಾವಾಸ್ಯೆಗೊಮ್ಮೆ ಜಿಗಿಯುತ್ತಿದ್ದ ಗೆರೆ

ಎರಡು ವರ್ಷದ ಹಿಂದಿನ ಮಾತು. ಮಾವಿನ ಸುಗ್ಗಿ ಆಗಷ್ಟೇ ಮುಗಿದಿತ್ತು. ನಮ್ಮೂರು ಉದ್ದನಪಲ್ಲಿ. ನಮ್ಮನೆಯವರು ಮೂಕಂಡಪಲ್ಲಿಯ ಫ್ಯಾಕ್ಟರಿಯೊಂದಕ್ಕೆ ದಿನಾ ಹೋಗಿಬರುತ್ತಾರೆ. ಹೊಲ, ಹಸು, ಮನೆ ಎಲ್ಲಾ ನನ್ನ ಮೇಲೆ. ಒಂದು ಬೆಳಿಗ್ಗೆ ವಾಸಂತಿ ಅನ್ನೋ ಹುಡುಗಿ ಜೀಪಿನಲ್ಲಿ ಬಂದಿಳಿದು, "ಅಕ್ಕ, ನಿಮ್ಮ ಮೇಲಿನ ಹೊಲದಲ್ಲಿ ನಾಕು ಹೆಜ್ಜೆ ಜಾಗ ಕೊಡ್ತೀರಾ?" ಅಂತ ಕೇಳಿದಳು. ಹುಡುಗಿ ಅಂದೆ, ಆದರೆ ಅವಳು ದೊಡ್ಡ ವಿಜ್ಞಾನಿ. ಅವಳ ತಾಯಿಯ ತವರು ರಾಯಕೋಟೆ, ಹಾಗಾಗಿ ಮಾತು ನಮ್ಮದೇ.

ಕರೆಂಟು ಕಂಬ, ಟಾರು ರಸ್ತೆ ಎರಡೂ ದೂರ ಇರೋ ಜಾಗ ಅವಳಿಗೆ ಬೇಕಾಗಿತ್ತಂತೆ. ಯಾಕೆ ಅಂದೆ.

"ಸೂರ್ಯನಿಂದ ಬೆಳಕು ಮಾತ್ರ ಬರಲ್ಲ ಅಕ್ಕ, ಒಂಥರಾ ಗಾಳಿನೂ ಬೀಸ್ತದೆ. ಮರ ಅಲ್ಲಾಡ್ಸೋ ಗಾಳಿ ಅಲ್ಲ, ಕಣ್ಣಿಗೆ ಕಾಣದ ಕಣಗಳು. ಭೂಮಿಗೆ ಆಯಸ್ಕಾಂತದ ಶಕ್ತಿ ಇರೋದ್ರಿಂದ ಅದು ಅಡ್ಡ ನಿಂತ್ಕೊಂಡು ತಡೀತದೆ. ಮಂಗಳ ಗ್ರಹಕ್ಕೂ ಒಂದು ಕಾಲದಲ್ಲಿ ಆ ಶಕ್ತಿ ಇತ್ತು, ಹೋಗ್ಬುಡ್ತು. ಆಮೇಲೆ ಅಲ್ಲಿದ್ದ ಗಾಳಿನೆಲ್ಲ ಸೂರ್ಯ ಸ್ವಲ್ಪಸ್ವಲ್ಪವಾಗಿ ಊದ್ಕೊಂಡು ಹೋದ."

"ಹಂಗಾದ್ರೆ ನಮ್ಮ ಭೂಮ್ತಾಯಿ ಸೆರಗು ಹೊದ್ಕೊಂಡವ್ಳೆ ಅನ್ನು" ಅಂದೆ.

ಅವಳು ನಕ್ಕುಬಿಟ್ಟಳು. "ಹ್ಞೂಂ ಅಕ್ಕ, ಆ ಸೆರಗು ಎಷ್ಟು ಅಲ್ಲಾಡ್ತದೆ ಅಂತ ಅಳೆಯೋದೇ ನನ್ನ ಕೆಲ್ಸ. ಕರೆಂಟು, ಗಾಡಿ ಹತ್ರ ಇದ್ರೆ ಆ ಅಳತೆ ಕೆಡ್ತದೆ."

ಹೊಲದಲ್ಲಿ ಸೊಂಟದುದ್ದ ಗುಂಡಿ ತೋಡಿ, ಅದರೊಳಗೆ ಯಂತ್ರ ಇಟ್ಟು, ಮೇಲೆ ಕಲ್ಲುಚಪ್ಪಡಿ ಮುಚ್ಚಿದರು. ಅಲ್ಲಿಂದ ಒಂದು ವೈರು ದೂರದ ಹೊಂಗೆಮರದ ಕೆಳಗಿದ್ದ ಪೆಟ್ಟಿಗೆಗೆ ಹೋಗುತ್ತಿತ್ತು. ಬೇಲಿಗೂ ಮುಳ್ಳುತಂತಿ ಬೇಡ ಅಂತ ಮರದ ಗೂಟ, ಹಗ್ಗ. "ಗುಂಡಿ ಹತ್ರ ಕಬ್ಬಿಣ ಮಾತ್ರ ಬರಬಾರದು ಅಕ್ಕ, ಲೆಕ್ಕವೆಲ್ಲ ತಪ್ಪೋಗ್ತದೆ" ಅಂತ ನೂರು ಸಲ ಹೇಳಿ ಹೋದಳು.

ನನಗೆ ಒಂದು ಕೆಲಸ ಒಪ್ಪಿಸಿದರೆ ಮುಗೀತು. ಮೈದುನನ ಟ್ರ್ಯಾಕ್ಟರು ಆ ಕಡೆ ತಿರುಗಿದರೆ ಕೂಗಾಡಿ ಹಿಂದಕ್ಕೆ ಕಳಿಸುತ್ತಿದ್ದೆ. ಕಳೆ ಕೀಳೋ ಹೆಂಗಸರ ಕುಡುಗೋಲು ಬೇಲಿಯಾಚೆಯೇ ಉಳಿಯಬೇಕಿತ್ತು. ನಾನು ಹೋಗುವಾಗಲೂ ಸೀರೆಯ ಪಿನ್ನು, ತಲೆಯ ಪಿನ್ನು ತೆಗೆದು ಕಲ್ಲಿನ ಮೇಲಿಟ್ಟೇ ಒಳಗೆ ಕಾಲಿಡುತ್ತಿದ್ದದ್ದು. "ನೀನು ಆ ಯಂತ್ರಕ್ಕೇ ಯಜಮಾನಿ ಆಗ್ಬುಟ್ಟೆ ಕಣೆ" ಅಂತ ನಮ್ಮನೆಯವರು ರೇಗಿಸುತ್ತಿದ್ದರು.

ಮೊದಲ ತಿಂಗಳೇ ಬ್ಯಾಟರಿ ಕೆಟ್ಟಿತು. ವಾಸಂತಿ ಓಡಿ ಬಂದು ಸರಿಮಾಡಿ, ಮುಖ ಸಣ್ಣದು ಮಾಡಿಕೊಂಡು ಹೋದಳು. ಕೆಡದೆ ಇನ್ನೇನು? ಅಕ್ಕಪಕ್ಕದ ಊರಿನವರೆಲ್ಲ ಬಂದು, "ಎಷ್ಟು ಲಕ್ಷದ್ದಮ್ಮ ಇದು?" ಅಂತ ಬಾಯಿಬಿಟ್ಕೊಂಡು ನೋಡ್ತಿದ್ದರು. ದೃಷ್ಟಿ ತಗಲದೆ ಇರ್ತದಾ? ಮುಂದಿನ ಅಮಾವಾಸ್ಯೆಗೆ ನಮ್ಮ ಕೊಟ್ಟಿಗೆಯಲ್ಲಿದ್ದ ಕುದುರೆ ಲಾಳವನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಜೊತೆ ಬಟ್ಟೆಯಲ್ಲಿ ಕಟ್ಟಿ ಚಪ್ಪಡಿಯ ಸಂದಿಗೆ ತುರುಕಿದೆ. ಆಮೇಲೆ ಪ್ರತಿ ಅಮಾವಾಸ್ಯೆಗೂ ತೆಗೆದು, ಪೂಜೆ ಮಾಡಿ, ಹೊಸ ನಿಂಬೆಹಣ್ಣು ಸೇರಿಸಿ ಮತ್ತೆ ಇಡುತ್ತಿದ್ದೆ.

ನೀವು ನಗಬಹುದು. ಆದರೆ ದೇವರಾಣೆಗೂ ಅದು ಕಬ್ಬಿಣ ಅಂತ ನನ್ನ ತಲೆಗೆ ಬರಲೇ ಇಲ್ಲ. ಕುಡುಗೋಲು ಕಬ್ಬಿಣ, ಪಿನ್ನು ಕಬ್ಬಿಣ. ಇದು ದೃಷ್ಟಿಗೆ ಕಟ್ಟಿದ್ದು, ಅಷ್ಟೇ.

ಐದಾರು ತಿಂಗಳಾಗಿರಬೇಕು. ಅಮಾವಾಸ್ಯೆಯ ಹಿಂದಿನ ದಿನ ವಾಸಂತಿ ಒಬ್ಬಳೇ ಬಂದಳು. ಮುದ್ದೆ, ಹುರುಳಿಕಾಳು ಸಾರು ಬಡಿಸಿದರೆ ಕೈ ತಟ್ಟೆಯಲ್ಲೇ ಆಡುತ್ತಿತ್ತು.

"ಏನಾಯ್ತಮ್ಮ?"

"ಯಂತ್ರ ಸರಿಯಿಲ್ಲ ಅಕ್ಕ. ಅದರ ಅಳತೆ ಲ್ಯಾಪ್‌ಟಾಪಲ್ಲಿ ಗೆರೆಯಾಗಿ ಕಾಣ್ತದೆ, ಅಮಾವಾಸ್ಯೆ ಬಂದ್ರೆ ಆ ಗೆರೆ ದಿಢೀರಂತ ಜಿಗೀತದೆ. ಬೇರೆ ಊರಲ್ಲಿರೋ ಯಂತ್ರಗಳಲ್ಲಿ ಎಲ್ಲೂ ಹಿಂಗಿಲ್ಲ. ನಮ್ಮ ದೊಡ್ಡ ಸಾಹೇಬ್ರು, ಈ ಲೆಕ್ಕ ನಂಬಂಗಿಲ್ಲ, ಎಲ್ಲಾ ಬಿಸಾಕು ಅಂತಾರೆ. ನಾಳೆನೂ ಹಂಗೇ ಆದ್ರೆ ಕಿತ್ಕೊಂಡು ಹೋಗ್ಬೇಕು." ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು: "ಸೂರ್ಯ ಈಗ ಕೆರಳವ್ನೆ ಅಕ್ಕ, ಹಿಂಗಾಗೋದು ಹನ್ನೊಂದು ವರ್ಷಕ್ಕೊಂದು ಸಲ. ಈ ಸಲ ಕಳ್ಕೊಂಡ್ರೆ ನಾನು ಮತ್ತೆ ಯಾವಾಗ ನೋಡ್ಲಿ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅನಿಸಿದ್ದೇನು ಗೊತ್ತಾ? ಅಮಾವಾಸ್ಯೆಯ ಕಾಟ ಜಾಸ್ತಿ ಆಗಿದೆ, ಒಂದು ಲಾಳ ಸಾಲುತ್ತಿಲ್ಲ! ಸಂಜೆಯೇ ಪಕ್ಕದ ಮನೆಗೆ ಹೋಗಿ ಇನ್ನೊಂದು ಲಾಳ ಇಸ್ಕೊಂಡು ಬಂದೆ.

ಬೆಳಿಗ್ಗೆ ಹಾಲು ಕರೆದು ಹೊಲಕ್ಕೆ ಹೋದೆ. ವಾಸಂತಿ ಆಗಲೇ ಹೊಂಗೆಮರದ ಕೆಳಗೆ ಲ್ಯಾಪ್‌ಟಾಪ್ ತೆಗೆದು ಕೂತಿದ್ದಳು. ಅವಳಿಗೆ ಕಾಣಬಾರದು ಅಂತೇನಿರಲಿಲ್ಲ, ಆದರೂ ಓದಿದ ಹುಡುಗಿ ನಗಾಡ್ತಾಳೆ ಅಂತ ನಾಚಿಕೆ. ಹೊಸ ಲಾಳ, ನಿಂಬೆಹಣ್ಣು ಇಟ್ಟಿದ್ದ ಪೂಜೆತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಪಿನ್ನುಗಳನ್ನೆಲ್ಲ ಕಲ್ಲಿನ ಮೇಲೆ ಬಿಚ್ಚಿಟ್ಟು, ಗುಂಡಿಯ ಹತ್ತಿರ ಕೂತೆ. ಹಳೇ ಲಾಳ ಈಚೆಗೆ ತೆಗೆದೆನೋ ಇಲ್ಲವೋ, ಮರದ ಕೆಳಗಿಂದ ಕೂಗು ಬಂತು.

"ಅಕ್ಕಾ! ಬಂತು, ಬಂತು! ಈಗ್ಲೇ ಜಿಗೀತು!"

ಎದ್ದು ನಿಂತೆ. ಅವಳು ಓಡಿ ಬರುತ್ತಿದ್ದಳು. "ಹತ್ರ ಕಬ್ಬಿಣ ಏನಾದ್ರೂ ಅದಾ ಅಕ್ಕ?"

"ಇಲ್ಲಮ್ಮ, ಪಿನ್ನು ಕೂಡ ಬಿಚ್ಚಿಟ್ಟು ಬಂದಿದೀನಿ" ಅಂದೆ. ಅಂದವಳೇ ಕೈ ನೋಡಿಕೊಂಡೆ. ಒಂದು ಕೈಯಲ್ಲಿ ಹಳೇ ಲಾಳ, ಇನ್ನೊಂದರಲ್ಲಿ ಹೊಸದು.

ಸೆರಗಿನೊಳಗೆ ಎರಡೂ ಲಾಳ ಮರೆಮಾಡಿದೆ. ಅವಳು ಗೂಟ ಹಿಡಿದು ನಿಂತು, "ಹಂಗಾದ್ರೆ ಯಂತ್ರನೇ ಕೆಟ್ಟಿರೋದು. ಜೀಪಿಗೆ ಫೋನ್ ಮಾಡ್ತೀನಿ" ಅಂತ ತಿರುಗಿದಳು. ಆ ಒಂದು ಕ್ಷಣ ಸುಮ್ಮನಿದ್ದರೆ ನನ್ನ ಮರ್ಯಾದೆ ಉಳೀತಿತ್ತು. ಇಡೀ ಊರಿಗೆ ಕಬ್ಬಿಣದ ಪಾಠ ಹೇಳಿದವಳು ನಾನೇ ಅಲ್ವಾ? ಆದರೆ ಆ ಹುಡುಗಿ ಹೆಗಲು ಇಳಿಬಿಟ್ಟುಕೊಂಡು ಹೋಗೋದು ನೋಡಿ ತಡೆಯೋಕಾಗಲಿಲ್ಲ.

"ವಾಸಂತಿ, ನಿಂತ್ಕೊಳಮ್ಮ. ತಪ್ಪಾಗೋಯ್ತು" ಅಂತ ಲಾಳ ಎರಡನ್ನೂ ಮುಂದೆ ಹಿಡಿದೆ. ಬೈಲಿ, ಬೈಸ್ಕೊಳ್ಳೋಣ ಅಂತ ತಲೆ ತಗ್ಗಿಸಿ ಎಲ್ಲಾ ಹೇಳಿದೆ, ಬ್ಯಾಟರಿ ಕೆಟ್ಟ ದಿನದಿಂದ.

ಅವಳು ಲಾಳ ನೋಡಿದಳು, ಅರಿಶಿನ ನೋಡಿದಳು, ಬಿಚ್ಚಿಟ್ಟ ಪಿನ್ನು ನೋಡಿದಳು. ಅಲ್ಲೇ ಹುರುಳಿ ಸಾಲಿನಲ್ಲಿ ಕುಕ್ಕರಿಸಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಯಾವ್ಯಾವ ದಿನ ಅಕ್ಕ? ಎಷ್ಟೊತ್ತಿಗೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಪ್ರತಿ ಅಮಾವಾಸ್ಯೆ. ಹಾಲು ಕರೆದ ಮೇಲೆ, ಡೇರಿ ಗಾಡಿ ಬರೋಕೆ ಮುಂಚೆ. ಮಾರ್ಗಶಿರದಲ್ಲಿ ಮಾತ್ರ ಹಸು ಕರು ಹಾಕಿತ್ತು, ಸಂಜೆ ಮಾಡ್ದೆ."

"ಸಂಜೆ!" ಅಂತ ಕಿರುಚಿ ನನ್ನ ಕೈಹಿಡಿದು ಮರದ ಕೆಳಗೆ ಎಳೆದುಕೊಂಡು ಹೋದಳು. ಲ್ಯಾಪ್‌ಟಾಪಿನಲ್ಲಿ ಗೆರೆ ತೋರಿಸಿದಳು. ಎಲ್ಲಾ ಜಿಗಿತ ಬೆಳಿಗ್ಗೆ, ಒಂದು ಮಾತ್ರ ಸಂಜೆ. ಪ್ರತಿ ಸಲ ಲಾಳ ತೆಗೆದು ಇಡುವಾಗ ಅದು ಸ್ವಲ್ಪ ಬೇರೆ ಥರ ಕೂರೋದರಿಂದ, ಗೆರೆ ಒಂದೇ ಸಲಕ್ಕೆ ಜಿಗಿದು, ಮುಂದಿನ ಪೂಜೆವರೆಗೂ ಅದೇ ಮಟ್ಟದಲ್ಲಿ ಇರುತ್ತಂತೆ. ಕಾರಣ, ಹೊತ್ತು ಎರಡೂ ಗೊತ್ತಾದರೆ ಅಷ್ಟನ್ನು ಕಳೆದುಬಿಡಬಹುದಂತೆ. ನಾನು ಹೇಳ್ತಾ ಹೋದೆ, ಅವಳು ಕಳೀತಾ ಹೋದಳು. "ಇದು ನೀವು ಅಕ್ಕ. ಇದೂ ನೀವೇ." ಒಂದೊಂದೇ ಮೆಟ್ಟಿಲು ಮಾಯವಾಗಿ ಗೆರೆ ನೆಟ್ಟಗಾಗುತ್ತಾ ಬಂತು.

ನಡುವೆ ಒಂದು ಕಡೆ ಮಾತ್ರ ಗೆರೆ ಸರ್ರನೆ ಕೆಳಗಿಳಿದು, ನಡುಗುತ್ತಾ, ಎರಡು ದಿನ ತೆಗೆದುಕೊಂಡು ಮೆಲ್ಲಗೆ ಮೇಲೆ ಬಂದಿತ್ತು. ನನಗೆ ಗಾಬರಿ. "ಅಯ್ಯೋ, ಆವತ್ತು ನಾನು ಆ ಕಡೆ ಹೋಗೇ ಇಲ್ಲಮ್ಮ, ನಿನ್ನಾಣೆಗೂ!"

ವಾಸಂತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಅಕ್ಕ. ಅದು ನೀವಲ್ಲ" ಅಂದಳು. "ಅದು ಸೂರ್ಯ."

ಯಂತ್ರ ಇವತ್ತಿಗೂ ನಮ್ಮ ಹೊಲದಲ್ಲೇ ಇದೆ. ದೃಷ್ಟಿಗೆ ಬೂದುಗುಂಬಳಕಾಯಿ ಕಟ್ಟಿದ್ದೇನೆ, ವಾಸಂತಿಯನ್ನು ಕೇಳಿಯೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಯಾವ ಕೆಲಸ ಎಷ್ಟೊತ್ತಿಗೆ ಮಾಡ್ತೀನಿ ಅಂತ ಯಾರೂ ಕೇಳಿದ್ದಿಲ್ಲ. ಅವಳು ಕೇಳಿದಳು, ಒಂದೊಂದನ್ನೂ ಬರೆದುಕೊಂಡಳು. ಮಾಡಿದ ತಪ್ಪನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ, ಸೂರ್ಯ ಬಂದುಹೋದ ಗುರುತನ್ನು ನನ್ನ ಕಣ್ಣಾರೆ ಕಂಡೆ.