ಹರಿಗೋಲಿನಲ್ಲಿ ಎದ್ದು ನಿಂತವಳು

ನನ್ನ ಕಾಲ್ಗುಣದ ಬಗ್ಗೆ ಕಂಪ್ಲಿಯ ಮಂದಿ ಏನೇನು ಆಡಿಕೊಂಡರೆಂದು ನನಗೆ ಚೆನ್ನಾಗಿ ಗೊತ್ತು. ಆಡಿಕೊಂಡವರೆಲ್ಲ ಸತ್ತರು, ನಾನಿನ್ನೂ ಗುಂಡುಕಲ್ಲಿನ ಹಾಗೆ ಇದ್ದೇನೆ. ಅದಕ್ಕೇ ಈಗ ನನ್ನ ಬಾಯಿಂದಲೇ ಹೇಳುತ್ತೇನೆ.

ಆಗ ಮದ್ರಾಸ್ ಸರ್ಕಾರದ ಕಾಲ. ನಮ್ಮೂರ ಹೊಳೆಗೆ ಸೇತುವೆ ಇರಲಿಲ್ಲ. ಆಚೆ ದಡದ ನಿಜಾಮರ ಸೀಮೆಗೆ ಹೋಗಬೇಕಾದರೆ ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲು. ಅದರಲ್ಲಿ ಕೂತವರು ದಡ ಸೇರುವತನಕ ಏಳಬಾರದು, ಅದು ಕೂಸಿಗೂ ಗೊತ್ತು. ನನಗೆ ಹದಿನಾಲ್ಕು ವರ್ಷ. ಅಪ್ಪನ ಜೊತೆ ಅಕ್ಕನ ಊರಿಗೆ ಹೊರಟಿದ್ದೆ. ಅಕ್ಕನ ಮನೆಗೆಂದು ಅಪ್ಪ ನಾಲ್ಕು ಮೂಟೆ ಅಕ್ಕಿ ಹೇರಿಸಿದ್ದ. ನಡುಹೊಳೆಯಲ್ಲಿ ತಳಕ್ಕೆ ನೀರು ಜಿನುಗಿ ನನ್ನ ಹೊಸ ಲಂಗದ ಅಂಚು ನೆನೆಯಿತು. ಲಂಗ ಎತ್ತಿಕೊಂಡು ಎದ್ದು ನಿಂತೆ. ಹರಿಗೋಲು ಮಗುಚಿತು. ಅಂಬಿಗ ನನ್ನ ಜಡೆ ಹಿಡಿದು ದಡಕ್ಕೆ ಎಳೆದ. ಅಪ್ಪ ಸಿಕ್ಕಿದ್ದು ಎರಡು ದಿನದ ಮೇಲೆ.

"ಹೊಳಿಗೆ ಬೇಕಾಗಿದ್ದು ಈಕಿ. ತನ್ನ ಬದಲಿ ಅಪ್ಪನ್ನ ಕೊಟ್ಟು ಬಂದಾಳ. ಈಕಿ ಹತ್ತಿದ ಹರಿಗೋಲು ದಡ ಮುಟ್ಟಂಗಿಲ್ಲ" ಎಂದರು ಓಣಿಯವರು. ನಾನೂ ನಂಬಿದೆ. ನೀರು ತರಲೂ ಹೊಳೆಯ ಕಡೆ ಹೋಗುವುದನ್ನು ಬಿಟ್ಟೆ. ಮಾತು ಬಿಟ್ಟೆ.

ಅವ್ವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ನಾನು ಮತ್ತು ಅಪ್ಪನ ತಾಯಿ, ನನ್ನ ಅಜ್ಜಿ. ಇದ್ದೊಬ್ಬ ಮಗನನ್ನು ಕಳೆದುಕೊಂಡವಳಿಗೆ ಹೇಗೆ ಹೇಳಲಿ? ಒಂದು ದಿನ ತಡೆಯಲಾಗದೆ ಹೇಳಿಯೇಬಿಟ್ಟೆ, ಎದ್ದು ನಿಂತವಳು ನಾನೇ ಎಂದು.

ಅಜ್ಜಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ನೀ ಎದ್ದಿದ್ದು ತಪ್ಪ ಖರೆ. ಸುಳ್ಳ ಯಾಕ ಹೇಳ್ಲಿ? ಆದ್ರ ಹೊಳಿ ಏರಿದಾಗ ನಾಕು ಮೂಟಿ ಹೇರಿಸಿದಾವ ನನ್ನ ಮಗ. ಕಂಡೂ ಕಂಡೂ ಹುಟ್ಟು ಹಾಕಿದಾವ ಅಂಬಿಗ. ಮೂರೂ ಮಂದಿದು ಪಾಲೈತಿ. ನಿನ್ನ ಪಾಲಷ್ಟ ನೀ ಹೊರು. ನನ್ನ ಮಗಂದು ನಾ ಹೊರ್ತೀನಿ."

ಆಮೇಲೆ ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಮನಸಾರೆ ಅತ್ತೆವು.

ಮರುದಿನ ನನ್ನ ರಟ್ಟೆ ಹಿಡಿದು ಅಂಬಿಗನ ಗುಡಿಸಲಿಗೆ ನಡೆಸಿದಳು. ಆ ಮುದುಕ ಹೊಸ ಹರಿಗೋಲು ಹೆಣೆಯುತ್ತಿದ್ದ. ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದ. "ಈಕಿ ಕೈಗೆ ಕೆಲಸ ಕೊಡಪಾ" ಎಂದಳು ಅಜ್ಜಿ. ನಾನು ಬಿದಿರು ಸೀಳು ಹಿಡಿದೆ, ತೊಗಲಿಗೆ ಎಣ್ಣೆ ಸವರಿದೆ. ಲಿಂಗ ಕಟ್ಟಿಕೊಂಡವಳು ತೊಗಲು ಮುಟ್ಟುವುದೇ, ಶಿವ ಶಿವಾ ಎಂದು ಓಣಿಯ ಹೆಂಗಸರು ಮೂಗು ಮುರಿದರು. "ಕೈ ತೊಳಕೊಂಡ್ರ ಹೋಗ್ತೈತಿ. ನಿಮ್ಮ ನಾಲಿಗಿ ಎಲ್ಲಿ ತೊಳಕೊಂತೀರಿ?" ಎಂದಳು ಅಜ್ಜಿ.

ಹರಿಗೋಲು ಮುಗಿದ ಮೇಲೆ ಆ ಅಂಬಿಗ ತಾತ ಅದನ್ನು ಮರಳಿನ ಮೇಲಿಟ್ಟು ನನ್ನನ್ನು ಕೂರಿಸಿದ. ನಾಲ್ಕಾರು ದಿನ ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ಹಗ್ಗ ಕಟ್ಟಿ ಕೂರಿಸಿದ.

"ಅಂಜಿಕಿ ಬರತೈತಿ ತಾತಾ."

"ನನಗೂ ಬರತೈತವ್ವಾ. ದಿನಾ ಅಂಜಿಕೊಂತನ ಹುಟ್ಟು ಹಾಕ್ತೀನಿ."

ಹೊಳೆ ಇಳಿದ ಮೇಲೆ ಅಕ್ಕನನ್ನು ನೋಡಲು ಹೊರಟೆವು. ಹರಿಗೋಲಿನಲ್ಲಿ ಆರು ಜನ ಕೂತಿದ್ದರು. ನಾನು ಕಾಲಿಟ್ಟದ್ದೇ ತಡ, ಒಬ್ಬೊಬ್ಬರಾಗಿ ಇಳಿದರು. "ಇಳೀರಿ, ಇಳೀರಿ! ನಮಗ ಕಾಲು ಚಾಚಿ ಕುಂದ್ರಾಕ ಜಾಗ ಆತು" ಎಂದು ಅಜ್ಜಿ ಠೀವಿಯಿಂದ ಕೂತಳು. ನಾನು ಅವಳ ಸೆರಗು ಕಚ್ಚಿ ಹಿಡಿದಿದ್ದೆ. ನಡುಹೊಳೆಯಲ್ಲಿ ಅಪ್ಪಾ ಎಂದು ಕೂಗಿ ಅತ್ತೆ. ಯಾರೂ ಸುಮ್ಮನಿರು ಅನ್ನಲಿಲ್ಲ. ತಾತ ಹುಟ್ಟು ಹಾಕುತ್ತಲೇ ಇದ್ದ.

ಆಚೆ ದಡದಲ್ಲಿ ಹತ್ತಲು ಕಾದಿದ್ದವರಲ್ಲಿ ಒಬ್ಬ, "ಅಪ್ಪನ್ನ ಮುಳುಗಿಸಿದಾಕಿ ಈಕೇ ಅಲ್ಲೇನು?" ಎಂದ. ತಾತ ಬಾಯಿ ತೆರೆಯುವ ಮೊದಲೇ ನಾನಂದೆ:

"ಹೌದ್ರಿ, ನಾನ. ಈಗ ದಡ ಮುಟ್ಟೀನಿ, ಕಣ್ಣು ತುಂಬ ನೋಡ್ರಿ. ಹತ್ತೋರು ಹತ್ರಿ, ಒಲ್ಲದೋರು ಈಜಿ ಹೋಗ್ರಿ."

ಅಜ್ಜಿ ಗಹಗಹಿಸಿ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.