ಎಣ್ಣೆ ಬಂದ ದಾರಿ

ಮೊದಲ ಸಲ ಕಂಡಾಗ ಆಕೆ ನನ್ನ ಕಾರಿನ ಅಡಿಯಲ್ಲಿ ಒರೆಸಿ ತಂದ ಬಿಳಿ ಬಟ್ಟೆಯ ಚೂರನ್ನು ಮೂಗಿಗೆ ಹಿಡಿದು ನಿಂತಿದ್ದರು. ಏರುರಸ್ತೆಯಲ್ಲಿ ಎಂಜಿನ್ನು ಅರಚುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ. ದಾರಿಹೋಕರಿಂದ ತಳ್ಳಿಸಿಕೊಂಡು ಹತ್ತಿರದ ರಿಪೇರಿ ಶೆಡ್ಡು ತಲುಪಿದ್ದೆ.

“ಗೇರ್‌ಬಾಕ್ಸ್ ಎಣ್ಣೆ ಅಲ್ಲ ಮೇಷ್ಟ್ರೇ, ಅದಾಗಿದ್ರೆ ಕೊಳೆತ ಮೊಟ್ಟೆ ವಾಸನೆ ಬರ್ತಿತ್ತು. ಇದು ಎಂಜಿನ್ ಎಣ್ಣೆ. ಕ್ಲಚ್ ಪ್ಲೇಟು ಎಣ್ಣೆ ಕುಡಿದು ಜಾರ್ತಾ ಇದೆ,” ಎಂದರು. ನನ್ನ ಜೇಬಿನ ಕೆಂಪು ಪೆನ್ನು ನೋಡಿ ಮೇಷ್ಟ್ರು ಎಂದರೋ ಏನೋ.

ಶೆಡ್ಡು ಆಕೆಯ ಮಾವನದು. ಊರಿನವರು ಆ ಹಿರಿಯರನ್ನು ‘ಒರೆಸೋ ಮೇಸ್ತ್ರಿ’ ಎನ್ನುತ್ತಿದ್ದರು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಕನ್ನಡಿಯಂತೆ ಒರೆಸಿ, ಒಣಗಿಸಿಯೇ ಹಾಕಬೇಕೆಂಬುದು ಅವರ ಕಟ್ಟಳೆ. ಸೋರದಿರಲೆಂದು ಅಂಟು ಬಳಿದು ಕೂರಿಸುವವನು ಮೆಕ್ಯಾನಿಕ್ಕೇ ಅಲ್ಲ ಎನ್ನುತ್ತಿದ್ದರು. ಅವರ ಮಗ, ಎಂದರೆ ಆಕೆಯ ಗಂಡ, ದರ್ಜಿ. ಎಣ್ಣೆಯೆಂದರೆ ಮೂಗು ಮುರಿಯುವವನು. ಹೀಗಾಗಿ ಸ್ಪ್ಯಾನರು ಸೊಸೆಯ ಕೈಗೆ ಬಂದಿತ್ತು.

ನನ್ನ ಹಳೆಯ ಕಾರಿನದು ರೋಟರಿ ಎಂಜಿನ್ನು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನುಗಳಿಲ್ಲ. ನಡು ಸಣ್ಣಗಾದ ಕಡಲೆಕಾಯಿಯಂಥ ಮನೆಯೊಳಗೆ, ಉಬ್ಬಿದ ಮಗ್ಗುಲುಗಳ ಮೂರು ಮೂಲೆಯ ತುಂಡೊಂದು ಸುತ್ತುತ್ತದೆ. ಶೆಡ್ಡಿನ ಮೂಲೆಯಲ್ಲಿದ್ದ ಒಡೆದ ಎಂಜಿನ್ನಿನಲ್ಲಿ ಆಕೆ ಅದನ್ನು ಕೈಯಿಂದ ತಿರುಗಿಸಿ ತೋರಿಸಿದರು. ಮೂರು ಮೂಲೆಗಳೂ ಒಮ್ಮೆಯೂ ಗೋಡೆ ಬಿಡದೆ ಸಾಗಿದವು. ಮೂವತ್ನಾಲ್ಕು ವರ್ಷ ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆದವನು ನಾನು. ತ್ರಿಕೋನವೊಂದು ಹೀಗೆ ನಡೆಯಬಲ್ಲದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿ ತೆರೆದುಕೊಂಡೇ ನಿಂತೆ.

ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಸೀಲನ್ನೂ ಕ್ಲಚ್ ಪ್ಲೇಟನ್ನೂ ಹೊಸದಾಗಿ ಹಾಕಿಕೊಟ್ಟರು. ತಿಂಗಳೊಳಗೆ ಕ್ಲಚ್ಚು ಮತ್ತೆ ಜಾರಿತು. ಇನ್ನೊಮ್ಮೆ ಬಿಚ್ಚಿ ಇನ್ನೊಂದು ಸೀಲು ಹಾಕಿದರು, ಅದೂ ಅಷ್ಟೇ. ಮೂರನೆಯ ಸಲ ನಾನು ಹೋದಾಗ ಮೇಸ್ತ್ರಿ ನನ್ನೆದುರಿಗೇ ಹೇಳಿದರು: “ನೋಡಮ್ಮಾ, ಇದೇ ಕೊನೆ. ಇನ್ನೊಂದ್ಸಲ ಎಣ್ಣೆ ಕಂಡ್ರೆ ನೀನು ಬಿಡಿಭಾಗದ ಕಪಾಟು ನೋಡ್ಕೊಂಡಿರು. ಎಂಜಿನ್ ಮುಟ್ಟೋದು ಬೇಡ.”

“ಆಯ್ತು ಮಾವ,” ಎಂದರು ಆಕೆ. ಕಪಾಟಿನತ್ತ ಒಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಕಾರಿನಡಿ ಹೊಕ್ಕರು.

ಗೇರ್‌ಬಾಕ್ಸ್ ಇಳಿಯಿತು, ಕ್ಲಚ್ಚು ಕಳಚಿತು. ತಟ್ಟೆಯಗಲದ ಭಾರದ ಚಕ್ರ, ಫ್ಲೈವೀಲು, ಕಾಣಿಸಿತು; ಅದರ ನಡುವೆ ಅಂಗೈಯಷ್ಟು ದೊಡ್ಡ ಒಂದೇ ಒಂದು ನಟ್ಟು. ಹಿಂದಿನ ಎರಡು ಸಲವೂ ಆಕೆ ಇಲ್ಲಿಗೆ ಬಂದೊಡನೆ ಎಲ್ಲವನ್ನೂ ಒರೆಸಿಬಿಟ್ಟಿದ್ದರಂತೆ. ಈ ಸಲ ಬಟ್ಟೆಯನ್ನು ದೂರವಿಟ್ಟರು. ಟಾರ್ಚು ಹಿಡಿದು ಕಾಲು ಗಂಟೆ ಸುಮ್ಮನೆ ನೋಡಿದರು.

“ಮಾವ, ಸ್ವಲ್ಪ ಬನ್ನಿ. ಸೀಲು ಸೋರಿದ್ರೆ ಫ್ಲೈವೀಲಿನ ಹಿಂದುಗಡೆ, ಎಂಜಿನ್ ಕಡೆ ತಾನೇ ಎಣ್ಣೆ ಇರಬೇಕು? ಇಲ್ಲಿ ಮುಂದುಗಡೆ ಇದೆ. ನೋಡಿ, ಗೆರೆಗೆರೆಯಾಗಿ ನಟ್ಟಿನಿಂದಲೇ ಹೊರಟಿದೆ.”

ಮೇಸ್ತ್ರಿ ಬಗ್ಗಿದರು. ನಾನೂ ಇಣುಕಿದೆ. ನಡುವಿನಿಂದ ಅಂಚಿಗೆ ಚೆದುರಿದ ಕಂದುಗೆರೆಗಳು, ಮಕ್ಕಳು ಬರೆದ ಸೂರ್ಯನ ಹಾಗೆ.

“ಶಾಫ್ಟಿನ ಚಾವಿಗಾಡಿ ಇದೆಯಲ್ಲ, ಫ್ಲೈವೀಲು ಜಾರದಂತೆ ಕೀಲಿ ಕೂರೋ ಆ ಸಣ್ಣ ತೋಡು, ಅದರಲ್ಲೇ ಹರಿದು ಬಂದು ನಟ್ಟಿನಡಿಯಿಂದ ಹೊರಗೆ ಬೀಳ್ತಿದೆ. ಮೊದಲ್ನೇ ಸಲ ಬಿಚ್ಚಿದಾಗ ಅಲ್ಲೆಲ್ಲ ಒಣಗಿದ ಅಂಟು ಇತ್ತು ಮಾವ. ಯಾರೋ ಹೊಲಸು ಮಾಡಿದ್ದಾರೆ ಅಂತ ಕೆರೆದು, ತೊಳೆದು, ಒರೆಸಿದೆ.”

“ಒರೆಸ್ದೆ,” ಎಂದರು ಮೇಸ್ತ್ರಿ ಮೆಲ್ಲಗೆ.

“ನೀವು ಹೇಳ್ಕೊಟ್ಟ ಹಾಗೇನೇ. ಎಣ್ಣೆ ತಡೆಯೋಕೇ ಅದನ್ನ ಹಾಕಿದ್ದು ಅಂತ ಹೊಳೀಲಿಲ್ಲ. ಈಗ ಅಲ್ಲಿ ಅಂಟು ಹಾಕ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಕಪಾಟಿನ ಹತ್ರ ಹೋಗ್ತೀನಿ, ಎಣ್ಣೆ ಬರೋವರೆಗೆ ಯಾಕೆ ಕಾಯೋದು?”

ಮೇಸ್ತ್ರಿ ಹೊರಗೆ ಹೋಗಿ ಕೈ ತೊಳೆದು ಬಂದರು. “ನಲವತ್ತು ವರ್ಷ ನನ್ನ ಶೆಡ್ಡಿಗೆ ಆ ಅಂಟಿನ ಟ್ಯೂಬು ಬಂದಿಲ್ಲ. ಪಕ್ಕದಂಗಡೀಲಿ ಸಿಗುತ್ತೆ. ನನ್ನ ಹೆಸರು ಮಾತ್ರ ಹೇಳಬೇಡಿ ಮೇಷ್ಟ್ರೇ,” ಎಂದು ನನ್ನನ್ನೇ ಕಳುಹಿಸಿದರು.

ನಾನು ಬರುವಷ್ಟರಲ್ಲಿ ಆಕೆ ಸ್ಪ್ಯಾನರಿಗೆ ಐದಡಿ ಪೈಪು ತೊಡಿಸಿ ನಟ್ಟನ್ನು ಸಡಿಲಿಸಿದ್ದರು. ಫ್ಲೈವೀಲು ಕಾಲ ಮೇಲೆ ಬೀಳದಂತೆ ನಟ್ಟನ್ನು ಪೂರ್ತಿ ಬಿಚ್ಚದೆ ನಾಲ್ಕು ಸುತ್ತು ಉಳಿಸಿ, ಚಕ್ರವನ್ನು ಸುತ್ತಿಗೆಯಿಂದ ಬಡಿದರು. ಬಿಗಿದು ಕೂತಿದ್ದ ಚಕ್ರ ಟಣ್ ಎಂದು ಬಿಟ್ಟುಕೊಂಡಿತು. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಆಮೇಲೆ ಆ ಕಿರಿದಾದ ತೋಡಿಗೂ ನಟ್ಟು ಕೂರುವ ಮುಖಕ್ಕೂ ಬೆರಳ ತುದಿಯಿಂದ ತೆಳ್ಳಗೆ ಅಂಟು ಸವರಿದರು. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವವರ ನಿಗಾ ಇತ್ತು ಅದರಲ್ಲಿ. ಮತ್ತೆ ಬಿಗಿಯುವಾಗ ಪೈಪಿಗೆ ಆಕೆಯೊಬ್ಬರ ಭಾರ ಸಾಲಲಿಲ್ಲ. ಮೇಸ್ತ್ರಿ ತಾವಾಗಿಯೇ ಬಂದು ಪೈಪಿನ ತುದಿಗೆ ಜೋತುಬಿದ್ದರು.

“ಎಳೀರಿ ಮಾವ, ಇನ್ನೂ!”

“ಎಳೀತಿದೀನಲ್ಲಮ್ಮಾ, ಜೀವ ಒಂದು ಬಿಟ್ಟು ಎಲ್ಲಾ ಹಾಕಿದೀನಿ!”

ಹದಿನೈದು ದಿನ ಅದೇ ಏರುರಸ್ತೆಯಲ್ಲಿ ಓಡಿಸಿ ಬರಲು ಹೇಳಿದರು. ಹದಿನಾರನೆಯ ದಿನ ಹೋದೆ. ಆಕೆ ಕೆಳಗೆ ಮಲಗಲು ಹೊರಟರೆ ಮೇಸ್ತ್ರಿ ತಡೆದರು. ಮಂಡಿ ನೋವಿನ ಆ ಹಿರಿಯರು ಗೋಣಿ ಹಾಸಿಕೊಂಡು ತೆವಳಿ, ಕ್ಲಚ್ ಗೂಡಿನ ಕೆಳಗಿನ ರಂಧ್ರದಲ್ಲಿ ಬೆರಳಾಡಿಸಿದರು. ಆಕೆ ಗೋಡೆಗೊರಗಿ ನಿಂತಿದ್ದರು. ಮೇಸ್ತ್ರಿ ಹೊರಬಂದು ಬೆರಳನ್ನು ಬೆಳಕಿಗೆ ಹಿಡಿದರು, ಬರೀ ಧೂಳು. ಆ ಬೆರಳನ್ನು ಸೊಸೆಗೆ ತೋರಿಸಿದರು, ಆಮೇಲೆ ನನಗೆ. ಬಿಳಿ ಬಟ್ಟೆಗೆ ಒರೆಸಿ, ಬಟ್ಟೆಯನ್ನೂ ತೋರಿಸಿದರು.

ಇದಾಗಿ ಆರು ವರ್ಷವಾಯಿತು. ಈಗ ದೂರದ ಗ್ಯಾರೇಜಿನವರೂ ತಮಗೆ ಬಗೆಹರಿಯದ ರೋಟರಿ ಎಂಜಿನ್ನುಗಳನ್ನು ಆಕೆಯ ಬಳಿಗೇ ತರುತ್ತಾರೆ. ಮೊನ್ನೆ ಹೋದಾಗ ಮೇಜಿನ ಮೇಲೆ ಮೂರು ಮೂಲೆಯ ತುಂಡನ್ನಿಟ್ಟುಕೊಂಡು ಗೋಡೆಗೆ ಉಜ್ಜುವ ಅದರ ಮೂಲೆಪಟ್ಟಿಗಳು ಎಷ್ಟು ಸವೆದಿವೆಯೆಂದು ಅವುಗಳ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಮೇಸ್ತ್ರಿ ಸ್ಲೇಟು ಹಿಡಿದು, ಆಕೆ ಹೇಳಿದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು.

“ಇನ್ನೊಂದ್ಸಲ ಹೇಳಮ್ಮಾ, ತಪ್ಪಾದೀತು.”

“ಏಳು ಪಾಯಿಂಟ್ ಆರು, ಮಾವ.”